ಬಾಗಿಲಿಗೆ ಅಡ್ಡ ನಿಂತ ಗೂಡ್ಸ್ ಗಾಡಿ

ಈಗ ನಾನು ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನೋಡುವುದು ಬಾಗಿಲನ್ನು. ಒಗ್ಗರಣೆಯ ವಾಸನೆ, ಹೊಸ ಸೋಫಾ, ಗೋಡೆಯ ಮೇಲಿನ ಮಕ್ಕಳ ಪಿಯಾನೊ ಸರ್ಟಿಫಿಕೇಟು, ಇವೆಲ್ಲ ಆಮೇಲೆ. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಅದರ ಹಿಂದೆ ಶೂಗಳ ರಾಶಿ ಇದೆಯೋ, ಕೀಲಿ ಬೀಗದಲ್ಲೇ ಇದೆಯೋ ಅಥವಾ ಕಳ್ಳರ ಭಯಕ್ಕೆ ಯಾವುದಾದರೂ ಡ್ರಾಯರ್ ಸೇರಿದೆಯೋ ಎಂದು ನೋಡಿಕೊಂಡ ಮೇಲೆಯೇ ನನಗೆ ಕೋಸಂಬರಿ ಗಂಟಲಿಗಿಳಿಯುವುದು. ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ನಾನು ಜಿಪಿ, ಅಂದರೆ ಇಂಗ್ಲಿಷರ ಈ ದೇಶದಲ್ಲಿ ರೋಗಿ ಮೊದಲು ಬರುವ ಸಾಮಾನ್ಯ ಡಾಕ್ಟರು. ನನ್ನ ಕೋಣೆಯಲ್ಲಿ ಬಾಗಿಲ ಪಕ್ಕ ಇದ್ದ ರೋಗಿಯ ಕುರ್ಚಿಯನ್ನು ಎತ್ತಿಸಿ ಕಿಟಕಿಯ ಹತ್ತಿರ ಹಾಕಿಸಿದ್ದೇನೆ. ರಿಸೆಪ್ಷನ್ನಿನವರು, ಪಾಪ, ಯಾರೋ ರೋಗಿ ನನ್ನ ಮೇಲೆ ಕೈ ಮಾಡಿರಬೇಕು ಎಂದುಕೊಂಡು ನನ್ನನ್ನು ಮೃದುವಾಗಿ ಮಾತಾಡಿಸುತ್ತಾರೆ. ಕಾರಣ ರೋಗಿಯಲ್ಲ, ಒಂದು ಗೂಡ್ಸ್ ರೈಲು ಎಂದು ಹೇಳಿದರೆ ಇನ್ನೂ ಮೃದುವಾಗಿ ಮಾತಾಡಿಸಿಯಾರು.

ಆ ರೈಲಿನ ಎತ್ತರ ನನ್ನ ತೋರುಬೆರಳಿನಷ್ಟು.

ರೈಲು ನನ್ನ ಗೆಳೆಯನದು. ಅವನು ಧಾರವಾಡದ ಕಡೆಯವನು, ಅರಿವಳಿಕೆ ಕೊಡುವ ಡಾಕ್ಟರು. ಹಾರ್ಬೋರ್ನ್‌ನಲ್ಲಿ, ಆಸ್ಪತ್ರೆಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಮನೆ. ಮನೆಗೆ ಅಂಟಿಕೊಂಡ ಗ್ಯಾರೇಜು. ಈ ದೇಶದಲ್ಲಿ ಗ್ಯಾರೇಜಿನೊಳಗೆ ಕಾರು ನಿಲ್ಲಿಸುವವರನ್ನು ನಾನಂತೂ ಕಂಡಿಲ್ಲ. ಇಂಗ್ಲಿಷರು ಅಲ್ಲಿ ಹಳೆಯ ಸೈಕಲ್ಲು ಇಡುತ್ತಾರೆ. ನಮ್ಮವರು ಸೋನಾ ಮಸೂರಿ ಚೀಲ, ಎರಡನೆಯ ಫ್ರೀಜರ್, ಊರಿಂದ ತಂದ ಗ್ರೈಂಡರ್ ಇಡುತ್ತಾರೆ. ಅವನು ಅಮೆರಿಕ ಇಟ್ಟಿದ್ದ.

ಯೌವನದಲ್ಲಿ ಅವನು ತರಬೇತಿಗೆಂದು ಒಂದು ವರ್ಷ ಡೆಟ್ರಾಯಿಟ್‌ನಲ್ಲಿದ್ದ. ಕೋಣೆಯ ಕಿಟಕಿಯಿಂದ ಗೂಡ್ಸ್ ಗಾಡಿಗಳು ಕಾಣುತ್ತಿದ್ದವಂತೆ. ಅದರಲ್ಲಿ ಒಂದು ಜಾತಿಯ ವ್ಯಾಗನ್ನಿನ ಮೇಲೆ ಅವನಿಗೆ ಮನಸ್ಸು ನಿಂತಿತು. ಕಾರಿನ ಬಿಡಿಭಾಗ ಸಾಗಿಸಲೆಂದೇ ಹಿಂದೆ ಮಾಡಿದ, ನಾಲ್ಕೂ ಕಡೆ ಮುಚ್ಚಿದ ಬಾಕ್ಸ್‌ಕಾರ್. ಬಾನೆಟ್ಟು, ಬಾಗಿಲು, ಛಾವಣಿಯ ತಗಡು ಇವೆಲ್ಲ ಹಗುರ, ಆದರೆ ವಿಪರೀತ ಜಾಗ ತಿನ್ನುವ ಸಾಮಾನು. ಹಾಗಾಗಿ ವ್ಯಾಗನ್ನನ್ನು ಉದ್ದ ಮಾಡಿದರು, ಎತ್ತರ ಮಾಡಿದರು, ಒಂದೊಂದು ಪಕ್ಕಕ್ಕೆ ನಾಲ್ಕು ಬಾಗಿಲಿನಂತೆ ಎಂಟು ಬಾಗಿಲು ಕೊಟ್ಟರು. ಎಲ್ಲ ಸುರಂಗಗಳಲ್ಲೂ ತೂರುವ ಎತ್ತರವಲ್ಲ ಎಂದು ಎಚ್ಚರಿಸಲು ತುದಿಯ ನೆತ್ತಿಗೆ ಬಿಳಿ ಪಟ್ಟಿ ಬಳಿಯುತ್ತಿದ್ದರು. ಆ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನನ್ನ ಗೆಳೆಯ ಹೇಳುತ್ತಿದ್ದ: "ನೋಡ್ಲೇ ದೋಸ್ತ, ವಿಭೂತಿ ಹಚ್ಚಿದಂಗ ಐತಿಲ್ಲೋ?"

ಅದರ ಪುಟ್ಟ ಪ್ರತಿಕೃತಿ ಒಂದು ಅಡಿ ಉದ್ದ. ಅಂಥವನ್ನು ಅವನು ತಾನೇ ಕೂರಿಸಿ, ಅಂಟಿಸಿ, ಗಾಳಿಪಂಪಿನಿಂದ ಬಣ್ಣ ಸಿಂಪಡಿಸಿ, ಭೂತಗನ್ನಡಿ ಹಿಡಿದು ಅಕ್ಷರ ಅಂಟಿಸಿ ವರ್ಷಗಟ್ಟಲೆ ಕೂತು ಒಂದು ಇಡೀ ರೈಲನ್ನೇ ಮಾಡಿದ್ದ. ಸುತ್ತಮುತ್ತಲ ಊರಿನ ನಿವೃತ್ತರೆಲ್ಲ ಸೇರಿ ಚರ್ಚಿನ ಹಾಲಿನಲ್ಲಿ ನಡೆಸುವ ಆಟಿಕೆ ರೈಲಿನ ಕ್ಲಬ್ಬಿಗೆ ಸೇರಿಕೊಂಡಿದ್ದ. ಆಟಿಕೆ ಎನ್ನಬಾರದು, ಮಾಡೆಲ್ ಎನ್ನಬೇಕು. ಒಮ್ಮೆ ಬಾಯಿತಪ್ಪಿ ಆಟಿಕೆ ಎಂದಿದ್ದಕ್ಕೆ ಅವನು ಒಂದು ಸಂಜೆಯಿಡೀ ನನ್ನೊಡನೆ ಮಾತು ಬಿಟ್ಟಿದ್ದ. ಆ ಕ್ಲಬ್ಬಿನವರೆಲ್ಲ ತಮ್ಮ ಬಾಲ್ಯದ ಹಬೆ ಎಂಜಿನ್ನು, ಹೂಕುಂಡಗಳಿರುವ ಹಳ್ಳಿ ಸ್ಟೇಷನ್ನು ಮಾಡುವವರು. ಅವುಗಳ ನಡುವೆ ಇವನ ಅಮೆರಿಕದ ರಾಕ್ಷಸ ವ್ಯಾಗನ್ನು ಬಂದು ನಿಂತಾಗ ಅವರು ಅದನ್ನು ಬಹಳ ಹೊತ್ತು ನೋಡಿ, "ಸಾಕಷ್ಟು ದೊಡ್ಡದಿದೆ, ಅಲ್ಲವೇ" ಎಂದರಂತೆ. ಇಂಗ್ಲಿಷರು ಅಷ್ಟು ಹೇಳಿದರೆ ಅದು ಹೊಗಳಿಕೆಯೋ ಬೈಗುಳವೋ ಎಂದು ತಿಳಿಯಲು ಆ ಊರಿನಲ್ಲೇ ಹುಟ್ಟಿರಬೇಕು. ಇವನು ಹೊಗಳಿಕೆ ಎಂದುಕೊಂಡು ಇನ್ನೆರಡು ಮಾಡಿದ.

ಗ್ಯಾರೇಜಿನ ಭೂಗೋಳ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಳಿಗಳನ್ನು ಎದೆಮಟ್ಟದ ಹಲಗೆಗಳ ಮೇಲೆ ಹಾಕಿದ್ದ. ಹಲಗೆಗಳು ನಾಲ್ಕೂ ಗೋಡೆಗುಂಟ ಸುತ್ತಿ ಬರುತ್ತಿದ್ದವು. ನಡುವೆ ಬಾವಿಯಂಥ ಜಾಗ, ನೋಡುವವರು ಅಲ್ಲಿ ನಿಲ್ಲಬೇಕು. ಚಳಿ ಬಾರದಂತೆ ಗ್ಯಾರೇಜಿನ ದೊಡ್ಡ ಬಾಗಿಲನ್ನು ಪ್ಲೈವುಡ್ ಹೊಡೆದು ಮುಚ್ಚಿಬಿಟ್ಟಿದ್ದ. ಉಳಿದದ್ದು ಅಡುಗೆಮನೆಯಿಂದ ಬರುವ ಒಂದೇ ಸಣ್ಣ ಬಾಗಿಲು. ಅದರ ಮುಂದೆಯೂ ಹಳಿ ಹಾಯಲೇಬೇಕಲ್ಲ, ಇಲ್ಲದಿದ್ದರೆ ರೈಲು ಸುತ್ತುವುದು ಹೇಗೆ? ಅಲ್ಲಿಗೊಂದು ಸೇತುವೆ ಮಾಡಿದ್ದ. ಎರಡೂ ತುದಿಗೆ ಚಿಲಕ. ಚಿಲಕ ತೆಗೆದರೆ ಇಡೀ ಸೇತುವೆಯನ್ನು ಮೇಲಕ್ಕೆತ್ತಬಹುದು. ಆದರೆ ಎತ್ತುವುದು ಅವನಿಗೆ ಇಷ್ಟವಿರಲಿಲ್ಲ, ಹಳಿ ಕೂದಲೆಳೆಯಷ್ಟು ಸರಿದರೂ ಗಾಡಿ ಬೀಳುತ್ತದೆ ಎನ್ನುತ್ತಿದ್ದ. ಹಾಗಾಗಿ ಬಂದವರೆಲ್ಲ ಸೇತುವೆಯ ಕೆಳಗೆ ಬಗ್ಗಿ, ಮೊಣಕಾಲೂರಿ ಒಳಗೆ ಹೋಗುವುದು ರೂಢಿ. ನಲವತ್ತು ದಾಟಿದ ಕನ್ಸಲ್ಟೆಂಟ್ ಡಾಕ್ಟರುಗಳು ಒಬ್ಬರ ಹಿಂದೊಬ್ಬರು ಅಂಬೆಗಾಲಿಡುವುದನ್ನು ಅಲ್ಲಿ ನೋಡಬೇಕಿತ್ತು.

ಆಯುಧಪೂಜೆ ಬಂತು. ಇಲ್ಲಿ ನಮ್ಮ ಹಬ್ಬಗಳು ಪಂಚಾಂಗದಂತೆ ಬರುವುದಿಲ್ಲ, ಆಸ್ಪತ್ರೆಯ ಡ್ಯೂಟಿ ಪಟ್ಟಿಯಂತೆ, ರೋಟಾದಂತೆ ಬರುತ್ತವೆ. ನವಮಿ ವಾರದ ನಡುವೆ ಇದ್ದರೆ, ಎಲ್ಲರಿಗೂ ರಜೆ ಸಿಗುವ ಭಾನುವಾರ ಮಧ್ಯಾಹ್ನಕ್ಕೆ ಅದನ್ನು ವರ್ಗಾಯಿಸುತ್ತೇವೆ. ದೇವಿಯೂ ಇಷ್ಟು ವರ್ಷದಲ್ಲಿ ಆಕ್ಷೇಪಿಸಿಲ್ಲ. ಡ್ರೈವ್‌ವೇಯಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ ಏರಿಸಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಬೂದುಗುಂಬಳ ಸಿಗದಿದ್ದರೂ ಚಿಂತೆಯಿಲ್ಲ, ಅದೇ ಕಾಲಕ್ಕೆ ಹ್ಯಾಲೋವೀನಿನ ಕೇಸರಿ ಕುಂಬಳ ಅಂಗಡಿ ತುಂಬಾ ಬಿದ್ದಿರುತ್ತದೆ. ಅದನ್ನು ಒಡೆದು ಕುಂಕುಮ ಚೆಲ್ಲುತ್ತೇವೆ. ಪಕ್ಕದ ಮನೆಯವರು ಪರದೆ ಸರಿಸಿ ನೋಡಿ, ಮಕ್ಕಳ ಹಬ್ಬವನ್ನು ನಾವು ಇಷ್ಟು ಉಗ್ರವಾಗಿ ಆಚರಿಸುತ್ತೇವಲ್ಲ ಎಂದು ಬೆರಗಾಗುತ್ತಾರೆ.

ಆ ವರ್ಷ ಗೆಳೆಯ ಹೊಸದೊಂದು ವಾದ ತೆಗೆದ. "ಕಾರಿಗೆ ಪೂಜಿ ಮಾಡ್ತೀರಿ. ಕಾರಿನ ಬಾಗಲಾ, ಬಾನೆಟ್ಟು ಹೊತ್ತು ತಂದ ಗಾಡಿಗೆ ಬ್ಯಾಡೇನು? ಅವು ಕಾರಿನ ತಾಯಿ ಇದ್ದಂಗ. ತಾಯಿನ್ನ ಬಿಟ್ಟು ಮಗಳಿಗೆ ಉಡಿ ತುಂಬ್ತೀರೇನು?"

ಮುಂದಿನ ಶನಿವಾರ ಕ್ಲಬ್ಬಿನ ಪ್ರದರ್ಶನವಿತ್ತು. ಅಲ್ಲಿ ಅವನ ಪೂರ್ತಿ ರೈಲು ಮೊದಲ ಸಲ ಜನರ ಎದುರು ಓಡಬೇಕು. ಪೂಜೆಯ ನಿಜವಾದ ಕಾರಣ ಅದು. ಅವನ ಹೆಂಡತಿ, ಮಕ್ಕಳ ಡಾಕ್ಟರು, "ಏನರ ಮಾಡ್ಕೋರಿ, ಹೋಳಿಗಿ ಆರೋದ್ರಾಗ ಮುಗಸ್ರಿ" ಎಂದು ಅಡುಗೆಮನೆಗೆ ಹೋದಳು.

ಗ್ಯಾರೇಜಿನೊಳಗೆ ಹೋದವರು ಐದು ಜನ. ಗೆಳೆಯ, ನಾನು, ಬೆಂಗಳೂರಿನ ಒಬ್ಬ ಮೂಳೆ ಸರ್ಜನ್, ಶೆಫೀಲ್ಡಿನ ಬ್ರೂಮ್‌ಹಿಲ್‌ನಿಂದ ಹಬ್ಬಕ್ಕೆಂದು ಬಂದಿದ್ದ ರೇಡಿಯಾಲಜಿಸ್ಟ್ ಒಬ್ಬಾಕೆ, ಮತ್ತು ಗೆಳೆಯನ ಅತ್ತೆ. ನನ್ನ ಹೆಂಡತಿಗೆ ಆ ವಾರಾಂತ್ಯ ಡ್ಯೂಟಿ ಬಿದ್ದಿತ್ತು. ರೋಟಾ ಒಮ್ಮೊಮ್ಮೆ ಪ್ರಾಣ ಉಳಿಸುತ್ತದೆ.

ಅತ್ತೆ ಧಾರವಾಡದಿಂದ ಮಗಳ ಮನೆಗೆ ಬಂದು ಆಗಿನ್ನೂ ಕೆಲವು ವಾರ. ಎರಡೂ ಮೊಣಕಾಲು ಬದಲಾಯಿಸಿಕೊಂಡವರು. ನಡೆಯಬಲ್ಲರು, ನಿಲ್ಲಬಲ್ಲರು, ಮೆಟ್ಟಿಲು ಹತ್ತಬಲ್ಲರು. ಬಗ್ಗಿ ಕೂರಲಾರರು, ಮೊಣಕಾಲೂರಲಾರರು. ಮೂಳೆ ಸರ್ಜನ್ ಅವರ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಬ್ಯೂಟಿಫುಲ್ ಕೆಲಸ ಅಮ್ಮಾ, ಇಷ್ಟು ಚೆನ್ನಾಗಿ ನಾನೇ ಮಾಡಲ್ಲ" ಎಂದಿದ್ದರು. ಅತ್ತೆಯನ್ನು ಒಳಗೆ ಕರೆತರಲು ಮಾತ್ರ ಗೆಳೆಯ ಸೇತುವೆ ಎತ್ತಿದ. ಅವರು ಕೋಲೂರಿಕೊಂಡು ಗಂಭೀರವಾಗಿ ಒಳಗೆ ಬಂದು ಮಡಚುವ ಕುರ್ಚಿಯಲ್ಲಿ ಕೂತರು. ಕೂತ ಕೂಡಲೇ ಅವನು ಸೇತುವೆ ಇಳಿಸಿ, ಎರಡೂ ಚಿಲಕ ಹಾಕಿ, ಹಳಿಯನ್ನು ಬೆರಳಲ್ಲಿ ಸವರಿ ಸರಿಯಿದೆಯೆಂದು ನೋಡಿಕೊಂಡ.

"ಮತ್ತ ಹೊರಗ ಹೆಂಗ ಹೋಗೂದ್ರೀ ಅಳಿಯಂದ್ರ?" ಎಂದು ಅವರು ಕೇಳಿದರು.

"ಪೂಜಿ ಮುಗದ ಮ್ಯಾಲೆ ಎತ್ತತೀನ್ರಿ ಅತ್ತಿಯವರ. ಒಂದ ನಿಮಿಷದ ಕೆಲಸ."

ರೈಲನ್ನು ಒಂದು ಸುತ್ತು ಓಡಿಸಿದ. ಚೆನ್ನಾಗಿಯೇ ಓಡಿತು, ಸುಳ್ಳು ಹೇಳಬಾರದು. ನೀಲಿ, ಹಸಿರು, ಕಂದು ವ್ಯಾಗನ್ನುಗಳು ನೆತ್ತಿಗೆ ಬಿಳಿ ಪಟ್ಟಿ ಬಳಿದುಕೊಂಡು ನಮ್ಮ ಎದೆಯ ಮಟ್ಟದಲ್ಲಿ ತೇಲಿ ಹೋದವು. ಆಮೇಲೆ ಆರತಿಗೆಂದು ನಿಲ್ಲಿಸಿದ. ನಿಲ್ಲಿಸಿದ್ದು ಸರಿಯಾಗಿ ಸೇತುವೆಯ ಮೇಲೆ. ಬಾಗಿಲಿನಿಂದ ಬರುವ ಬೆಳಕು ಅಲ್ಲಿ ಚೆಂದ ಬೀಳುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಎಂದ. ಎಂಟೆಂಟು ಬಾಗಿಲಿನ ಗಾಡಿಗಳು ನಮಗಿದ್ದ ಒಂದೇ ಬಾಗಿಲಿಗೆ ಅಡ್ಡ ನಿಂತವು.

ಹೊಗೆ ಕಂಡರೆ ಕಿರುಚುವ ಅಲಾರಮ್ಮು ಗ್ಯಾರೇಜಿನ ಚಾವಣಿಯಲ್ಲಿತ್ತು. ಇಲ್ಲಿಯ ನಮ್ಮ ಮನೆಗಳಲ್ಲಿ ಊದುಬತ್ತಿ ಹಚ್ಚುವ ಮುನ್ನ ಮಾಡುವ ಮೊದಲ ಶಾಸ್ತ್ರ ಗಣಪತಿಗಲ್ಲ, ಆ ಅಲಾರಮ್ಮಿಗೆ. ಬೇರೆಯವರು ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುತ್ತಾರೆ. ಇವನು ಆಪರೇಷನ್ ಥಿಯೇಟರಿನ ನೀಲಿ ಟೋಪಿ ತೊಡಿಸಿದ್ದ. ಯಂತ್ರ ಪಾಪ, ಅರಿವಳಿಕೆ ಕೊಟ್ಟ ರೋಗಿಯಂತೆ ಮೇಲೆ ಸುಮ್ಮನಿತ್ತು.

ಎದುರು ಗೋಡೆಯ ಕಡೆ ಅಮೆರಿಕದ ಬೆಟ್ಟಗಳು. ಥರ್ಮಾಕೋಲ್ ಕೊರೆದು ಮಾಡಿದ ಬೆಟ್ಟಗಳು. ಅವುಗಳ ಕೆಳಗಿನ ಶೆಲ್ಫಿನಲ್ಲಿ, ಬೆಳಿಗ್ಗೆಯಷ್ಟೇ ಕೊನೆಯ ವ್ಯಾಗನ್ನಿಗೆ ಬಣ್ಣ ಹೊಡೆದು ಅವಸರದಲ್ಲಿ ಬಿಟ್ಟಿದ್ದ ಥಿನ್ನರ್ ಡಬ್ಬ, ಅದರಲ್ಲಿ ನೆನೆದ ಬಟ್ಟೆಗಳು. ಕೋಣೆಯಲ್ಲಿ ಒಂದು ಸಿಹಿ ವಾಸನೆ ಇತ್ತು. ಮೂಗಿಗೆ ಬಂದಿತ್ತು ನಮಗೆಲ್ಲ. ರೇಡಿಯಾಲಜಿಸ್ಟ್, "ನೈಲ್ ಪಾಲಿಶ್ ಥರ ಇದೆ ಅಲ್ವಾ?" ಎಂದೂ ಅಂದರು. ನಲವತ್ತು ದಾಟಿದ ನಾಲ್ಕು ಡಾಕ್ಟರುಗಳು. ಅದರಲ್ಲಿ ಒಬ್ಬನ ಇಡೀ ವೃತ್ತಿಯೇ ಆವಿಗಳದ್ದು. ಯಾವ ಆವಿ ಎಷ್ಟು ಹೋದರೆ ಮನುಷ್ಯ ಮಲಗುತ್ತಾನೆ, ಎಷ್ಟು ಹೋದರೆ ಏಳುವುದಿಲ್ಲ ಎಂಬ ವಿದ್ಯೆಯಲ್ಲಿ ಅವನು ಪರೀಕ್ಷೆ ಮೇಲೆ ಪರೀಕ್ಷೆ ಪಾಸಾದವನು. ಅವನೇ ಕರ್ಪೂರ ಹಚ್ಚಿದ.

ಪ್ರತಿ ವ್ಯಾಗನ್ನಿಗೂ ಬೇರೆ ಬೇರೆ ಆರತಿ ಆಗಬೇಕೆಂದು ಅವನ ಹಟ. ತಟ್ಟೆಯನ್ನು ಓರೆ ಮಾಡಿ ಒಂದೊಂದರ ಮುಂದೆಯೂ ತೋರಿಸುತ್ತ ಗೋಡೆಗುಂಟ ನಡೆದ. ಬೆಟ್ಟಗಳ ಹತ್ತಿರ ನಿಂತಿದ್ದ ಕೊನೆಯ ವ್ಯಾಗನ್ನಿನ ಎದುರು ಉರಿಯುವ ಒಂದು ಬಿಲ್ಲೆ ತಟ್ಟೆಯಂಚಿನಿಂದ ಜಾರಿ, ಬೆಟ್ಟಕ್ಕೂ ಗೋಡೆಗೂ ನಡುವಿನ ಸಂದಿಗೆ ಬಿತ್ತು. ನಾನು ನೋಡಿದೆ. ಈಗಲೂ ನೋಡುತ್ತಿರುತ್ತೇನೆ, ಯಾರದೋ ರಕ್ತದೊತ್ತಡ ನೋಡುತ್ತಿರುವಾಗ, ಟ್ರಾಫಿಕ್ ಲೈಟಿನಲ್ಲಿ ಕಾದಿರುವಾಗ. ಬಿಲ್ಲೆ ಬಹಳ ನಿಧಾನವಾಗಿ ಜಾರುತ್ತದೆ. ನಿಜವಾಗಿ ಅಷ್ಟು ನಿಧಾನ ಇದ್ದಿರಲಾರದು.

ಮೊದಲು ಏನೂ ಆಗಲಿಲ್ಲ. ಆರತಿಯ ವಿಡಿಯೋ ತೆಗೆಯುತ್ತಿದ್ದ ರೇಡಿಯಾಲಜಿಸ್ಟ್ ಫೋನು ಹಿಡಿದ ಕೈಗೇ ಚಪ್ಪಾಳೆ ತಟ್ಟಿದರು. ಆಮೇಲೆ ತಡವಾಗಿ ಹೊತ್ತಿಕೊಂಡ ಗ್ಯಾಸ್ ಒಲೆಯಂತೆ ಒಂದು 'ಭುಗ್' ಸದ್ದು, ನೆಲದ ಕಡೆಯಿಂದ. ಬೆಟ್ಟದ ಹಿಂದೆ ಸೂರ್ಯ ಹುಟ್ಟಿದಂತೆ ಕೇಸರಿ ಬೆಳಕು. ಮರುಗಳಿಗೆ ಬೆಟ್ಟವೇ ಕರಗಿ ತನ್ನೊಳಗೆ ತಾನು ಕುಸಿಯಿತು, ಕಪ್ಪು ಹೊಗೆ ಚಾವಣಿಗೆ ಏರಿ ಅಲ್ಲಿಂದ ನಿಧಾನ ಕೆಳಗಿಳಿಯತೊಡಗಿತು.

ನಾವೆಲ್ಲ ವರ್ಷಕ್ಕೊಮ್ಮೆ ಬೆಂಕಿ ಸುರಕ್ಷತೆಯ ಕಡ್ಡಾಯ ಆನ್‌ಲೈನ್ ಪಾಠ ಮಾಡುತ್ತೇವೆ. ನೂರಕ್ಕೆ ನೂರು ತೆಗೆಯುತ್ತೇವೆ. ಅಲ್ಲಿ ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಗ್ಯಾರೇಜಿನಲ್ಲಿ ಯಾರೂ ಕೊಡಲಿಲ್ಲ.

"ನೀರು ಹಾಕಿ!" ಎಂದರು ಸರ್ಜನ್.

"ನೀರು ಬೇಡ, ಎಲೆಕ್ಟ್ರಿಕಲ್ ಇದೆ!" ಎಂದರು ರೇಡಿಯಾಲಜಿಸ್ಟ್.

"ಫೈರ್ ಎಕ್ಸ್‌ಟಿಂಗ್ವಿಷರ್ ಎಲ್ಲಿಟ್ಟಿದ್ದೀಯ ಮಾರಾಯ?" ಎಂದೆ ನಾನು.

"ಕಾರಿನ್ಯಾಗ ಐತಿ. ಅದಕ್ಕೂ ಕುಂಕುಮ ಹಚ್ಚೀವಿ" ಎಂದ ಗೆಳೆಯ.

ಒಳಗಿದ್ದ ನೀರೆಂದರೆ ಕಲಶದ್ದು. ನಾನು ಅದನ್ನೆತ್ತಿ ಎರಚಿದೆ. ತೆಂಗಿನಕಾಯಿ ಮೊದಲು ಹೋಯಿತು, ನೀರು ಆಮೇಲೆ. ಎರಡರಿಂದಲೂ ಏನೂ ಆಗಲಿಲ್ಲ. ಸರ್ಜನ್ ಅಷ್ಟರಲ್ಲಿ ಸೇತುವೆಯಡಿ ನುಸುಳಿ ಹೊರಗಿದ್ದರು. ಅವರ ಹಿಂದೆ ರೇಡಿಯಾಲಜಿಸ್ಟ್. ಕೆಳಗೆ ಬಗ್ಗಿದವರಿಗೆ ಗಾಳಿ ಇತ್ತು, ದಾರಿ ಇತ್ತು. ಬಗ್ಗಲಾರದ ಒಬ್ಬರಿಗೆ ಮಾತ್ರ ಎರಡೂ ಇರಲಿಲ್ಲ.

ಅವರು ಕುರ್ಚಿಯಿಂದ ಎದ್ದು ಸೇತುವೆಯ ಹತ್ತಿರ ಬಂದು ನಿಂತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಹೊಗೆ ಆಗಲೇ ಅವರ ತಲೆಯ ಮೇಲಿತ್ತು. ಅವರ ಹಿಂದೆ ನಾನು, ನನ್ನ ಹಿಂದೆ ಬೆಂಕಿ. ಹೊರಗಿನಿಂದ ಸರ್ಜನ್ ಕೂಗುತ್ತಿದ್ದರು: "ಅಮ್ಮಾ, ಬಗ್ಗಬೇಡಿ! ಮೊಣಕಾಲು ಪೂರ್ತಿ ಮಡಚಬೇಡಿ! ಇಂಪ್ಲಾಂಟ್ ಹೋಗತ್ತೆ!" ಮರುಕ್ಷಣವೇ, "ಬಗ್ಗಿ ಅಮ್ಮಾ, ಬಗ್ಗಿ, ಪರವಾಗಿಲ್ಲ!"

ಗೆಳೆಯ ಸೇತುವೆಯ ಬಳಿ ಬಂದ. ಎರಡೂ ಚಿಲಕ ತೆಗೆದ. ಇನ್ನು ಎತ್ತಬೇಕು, ಅಷ್ಟೇ. ಅವನು ಎತ್ತಲಿಲ್ಲ. ಸುತ್ತಮುತ್ತ ಏನನ್ನೋ ಹುಡುಕತೊಡಗಿದ.

"ಕಡ್ಡಿ ಎಲ್ಲೈತಿ? ಕಡ್ಡಿ!"

ವ್ಯಾಗನ್ನುಗಳ ಕೊಂಡಿ ಬಿಡಿಸಲು ತೆಳ್ಳನೆಯ ಕಡ್ಡಿಯೊಂದು ಬೇಕಾಗುತ್ತದೆ. ಅದು ಸಿಗಲಿಲ್ಲ. ಊದುಬತ್ತಿ ಸ್ಟ್ಯಾಂಡಿನಿಂದ ಒಂದು ಬತ್ತಿ ಕಿತ್ತುಕೊಂಡು, ಉರಿಯುವ ತುದಿಯನ್ನು ಹಲಗೆಗೆ ಉಜ್ಜಿ ಆರಿಸಿ, ಅದರಿಂದ ಮೊದಲ ಕೊಂಡಿ ಬಿಡಿಸಿದ. ಬೆಂಕಿ ಹೊತ್ತಿದ ಕೋಣೆಯಲ್ಲಿ ಊದುಬತ್ತಿಯನ್ನು ಜಾಗ್ರತೆಯಾಗಿ ಆರಿಸಿದ ಮನುಷ್ಯನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಆ ವ್ಯಾಗನ್ನನ್ನು ಎರಡೂ ಕೈಯಲ್ಲಿ, ಹೆರಿಗೆ ಕೋಣೆಯಲ್ಲಿ ಕೂಸನ್ನು ಎತ್ತುವಂತೆ ಎತ್ತಿ ನನ್ನ ಕೈಗೆ ಕೊಟ್ಟ.

"ಹಿಡ್ಕೋ. ನಡು ಹಿಡೀಬ್ಯಾಡ, ಬಾಗಲಾ ಕಿತ್ತ ಬರ್ತಾವು."

ನಾನು ಹಿಡಿದುಕೊಂಡೆ. ಯಾರಾದರೂ ಗಂಭೀರವಾಗಿ ಏನನ್ನಾದರೂ ಕೈಗೆ ಕೊಟ್ಟರೆ ಮನುಷ್ಯ ಹಿಡಿದುಕೊಳ್ಳುತ್ತಾನೆ. ಎರಡನೆಯದು ಬಂತು. ಮೂರನೆಯದು ಬಂತು. ಕಟ್ಟಿಗೆ ಹೊತ್ತವನಂತೆ ತೋಳಿನ ತುಂಬ ವ್ಯಾಗನ್ನು ಪೇರಿಸಿಕೊಂಡು, ಕೆಮ್ಮುತ್ತ, ಕತ್ತಿನ ಹಿಂಭಾಗ ಸುಡುತ್ತಿದ್ದರೂ ನಾನು ನಿಂತಿದ್ದೆ. ಅವನು ನಾಲ್ಕನೆಯದರ ಕೊಂಡಿಗೆ ಕಡ್ಡಿ ಹಾಕಿದ. ಬತ್ತಿ ಮುರಿಯಿತು.

ಆಗ ಅತ್ತೆ ಸೆರಗನ್ನು ಬಾಯಿಂದ ತೆಗೆದರು.

"ಅಳಿಯಂದ್ರ, ಆ ರೈಲಿನ್ಯಾಗ ಯಾರರ ಕುಂತಾರೇನ್ರಿ?"

ಕೇಳಿದ್ದು ಸಿಟ್ಟಿನಿಂದಲ್ಲ. ತಿಳಿದುಕೊಳ್ಳಬೇಕು ಎನ್ನುವಂತೆ.

ಅವನು ತಲೆಯೆತ್ತಿದ. "ಇಲ್ರಿ ಅತ್ತಿಯವರ. ಯಾರೂ ಇಲ್ಲ."

"ಇಲ್ಲಿ ನಾ ಅದೀನ್ರಿ" ಎಂದರು ಅವರು.

ಅವನ ಮುಖ ನನಗೆ ಕಾಣುತ್ತಿತ್ತು. ಆಪರೇಷನ್ ಮುಗಿದ ಮೇಲೆ ಹೆಸರು ಹಿಡಿದು ಕರೆದಾಗ ರೋಗಿ ಕಣ್ಣು ಬಿಡುತ್ತಾನಲ್ಲ, ಹಾಗೆ ಅವನು ಅವರನ್ನು ನೋಡಿದ. ಸೇತುವೆಯ ಕೆಳಗೆ ಎರಡೂ ಕೈ ಕೊಟ್ಟು ಮೇಲಕ್ಕೆ ಎಸೆದ. ಎತ್ತಲಿಲ್ಲ, ಎಸೆದ. ಮೇಲಿದ್ದ ವ್ಯಾಗನ್ನುಗಳು ಹಾರಿದವು. ಅವುಗಳ ಕೊಂಡಿ ಹಿಡಿದಿದ್ದ ಉಳಿದವೂ ಒಂದರ ಹಿಂದೊಂದು ಹಳಿಯಿಂದ ಎಳೆದುಕೊಂಡು ಬಂದು ಸಿಮೆಂಟು ನೆಲಕ್ಕೆ ಬಿದ್ದವು. ಆ ಸದ್ದು ಬಹಳ ಸಣ್ಣದು, ಪ್ಲಾಸ್ಟಿಕ್ ಡಬ್ಬಿಗಳು ಬಿದ್ದಂತೆ. ಅತ್ತೆ ಕೋಲೂರಿಕೊಂಡು ಅವುಗಳ ಮೇಲೆಯೇ ನಡೆದು ಹೊರಗೆ ಹೋದರು. ಕಾಲಡಿ ಏನೋ ಪಟಪಟ ಎಂದಿತು. ನಾನು ಹೋದೆ. ಅವನು ಕೊನೆಯವನಾಗಿ ಬಂದು ಬಾಗಿಲು ಎಳೆದುಕೊಂಡ.

ಆ ಬೀದಿಯಲ್ಲೇ ಇದ್ದ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಕಪ್ಪು ಹೊಗೆ ಕಂಡು ಆಗಲೇ ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದರು. ನಾವು ಡಾಕ್ಟರುಗಳು ಇನ್ನೂ ಯಾರು ಮಾಡಬೇಕು ಎಂದು ಚರ್ಚಿಸುತ್ತಿದ್ದೆವು. ಹಿರಿಯರು ಗೇಟಿನ ಬಳಿ ನಿಂತು, "ಸ್ವಲ್ಪ ಗಡಿಬಿಡಿಯ ಮಧ್ಯಾಹ್ನ" ಎಂದರು.

ಬೆಂಕಿ ಆರಿತು. ಮನೆ ಉಳಿಯಿತು, ಗ್ಯಾರೇಜು ಅರ್ಧ ಹೋಯಿತು. ಹೆಲ್ಮೆಟ್ಟಿನ ಅಧಿಕಾರಿ ಕರಗಿದ ಅಲಾರಮ್ಮನ್ನು, ಅದಕ್ಕೆ ಅಂಟಿದ ನೀಲಿ ಚೂರನ್ನು ಕೈಯಲ್ಲಿ ಹಿಡಿದು ಬಂದು ಇದೇನೆಂದು ಕೇಳಿದ. ನಾಲ್ಕು ಡಾಕ್ಟರುಗಳೂ ನೆಲ ನೋಡಿದೆವು. ಅತ್ತೆ ಒಳಗಿಂದ ಹೋಳಿಗೆ ತಂದು ಆ ಸಿಬ್ಬಂದಿಗೆಲ್ಲ ಕಾಗದದ ತಟ್ಟೆಯಲ್ಲಿ ಕೊಟ್ಟರು. "ಪಾಪ, ಹಬ್ಬದ ದಿನ ಬಂದಾವ. ಬರೇ ಬಾಯಿಲೆ ಕಳಸ್ಬಾರ್ದು." ಅವರು ನಿಂತಲ್ಲೇ ತಿಂದರು. ಒಬ್ಬ ಎರಡನೆಯದನ್ನೂ ಕೇಳಿದ.

ಅಷ್ಟರಲ್ಲಿ ಕಥೆ ಹುಟ್ಟಿಕೊಂಡಿತ್ತು. ಗೆಳೆಯ ಹೆಂಡತಿಗೆ ಹೇಳುತ್ತಿದ್ದ: "ಬೆಂಕಿ ಕಂಡ ಕೂಡ್ಲೆ ಬ್ರಿಜ್ಜು ಎತ್ತಿ ಒಗದೆ. ರೈಲು ಹೋತು, ಹೋಗ್ಲಿ ಅಂದೆ." ಸರ್ಜನ್, ತಾವು ಹೊರಗೆ ನಿಂತು ಎಲ್ಲರನ್ನೂ ಕ್ರಮವಾಗಿ ಹೊರತಂದದ್ದಾಗಿ ಹೇಳುತ್ತಿದ್ದರು. ರೇಡಿಯಾಲಜಿಸ್ಟರ ವಿಡಿಯೋ ಅವರು ಬಗ್ಗಿದಾಗಲೇ ನಿಂತುಹೋಗಿತ್ತು. ಗೆಳೆಯನ ಹೆಂಡತಿ ಅಡುಗೆಮನೆಯಲ್ಲಿದ್ದವಳು. ಕಪ್ಪು ಹೊಗೆಯ ಆಚೆ ಏನಾಯಿತೆಂದು ಅವಳು ಕಂಡಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ನೀವು ಒಳಗಿದ್ರಿ. ಖರೇ ಹೇಳ್ರಿ. ಇವ್ರು ಕೂಡ್ಲೆ ಎತ್ತಿದ್ರೇನು?"

ನಾನು ಬಾಯಿ ತೆರೆದೆ. ಸ್ನೇಹ ದೊಡ್ಡದು, ಒಂದು ಸುಳ್ಳು ಹೇಳಬಹುದಿತ್ತು, ಹೇಳುವವನೂ ಇದ್ದೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಮುಖದಿಂದ ಕೆಳಗಿಳಿದು ತೋಳಿನ ಮೇಲೆ ನಿಂತಿತು. ನಾನೂ ಕೆಳಗೆ ನೋಡಿದೆ. ಮೂರು ವ್ಯಾಗನ್ನುಗಳು, ಒಂದು ಗೀರೂ ಇಲ್ಲದೆ, ಎಂಟೆಂಟು ಬಾಗಿಲೂ ಭದ್ರವಾಗಿ, ಕುಂಕುಮದ ಬೊಟ್ಟಿಟ್ಟುಕೊಂಡು ನನ್ನ ತೋಳಿನಲ್ಲಿ ಮಲಗಿದ್ದವು. ಡ್ರೈವ್‌ವೇ ದಾಟಿ, ಅಗ್ನಿಶಾಮಕದವರ ಪೈಪು ದಾಟಿ, ಅಷ್ಟು ಹೊತ್ತೂ ನಾನು ಅವನ್ನು ಕೆಳಗೆ ಇಟ್ಟೇ ಇರಲಿಲ್ಲ.

ಅವಳು ಒಂದೊಂದನ್ನೇ ನನ್ನ ತೋಳಿನಿಂದ ತೆಗೆದುಕೊಂಡಳು. ನಡು ಹಿಡಿಯದೆ, ಸರಿಯಾಗಿ, ಎರಡೂ ತುದಿ ಹಿಡಿದು. ಒಳಗೆ ಹೋದಳು. ಗೆಳೆಯ ಅವಳ ಹಿಂದೆ ಹೋಗಲಿಲ್ಲ.

ಮುಂದಿನ ವಾರಗಳಲ್ಲಿ ನಾನು ಅವರ ಮನೆಗೆ ಹೋದಾಗಲೆಲ್ಲ ಆ ಮೂರು ವ್ಯಾಗನ್ನು ಡ್ರಾಯಿಂಗ್ ರೂಮಿನ ಶೋಕೇಸಿನಲ್ಲಿದ್ದವು, ಗೆಳೆಯ ಟೀವಿ ನೋಡಲು ಕೂರುವ ಕುರ್ಚಿಗೆ ನೇರ ಎದುರಾಗಿ. ಬಂದವರೆಲ್ಲ, "ಅಯ್ಯೋ, ಇಷ್ಟಾದರೂ ಉಳೀತಲ್ಲ!" ಎನ್ನುತ್ತಿದ್ದರು. ಅವಳು, "ಹೌದ್ರಿ, ಇವ್ರು ಭಾಳ ಜ್ವಾಪಾನ ಮಾಡಿ ಉಳಸ್ಯಾರ" ಎನ್ನುತ್ತಿದ್ದಳು. ಅವನು ಎದ್ದು ಚಹಾ ತರಲು ಹೋಗುತ್ತಿದ್ದ. ಆ ದಿನಗಳಲ್ಲಿ ಅವರ ಮನೆಯಲ್ಲಿ ಸಿಕ್ಕಷ್ಟು ಚಹಾ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಕ್ಲಬ್ಬಿನ ಪ್ರದರ್ಶನದಲ್ಲಿ ಅವನ ಮೇಜು ಖಾಲಿಯಿತ್ತು. ಅವಳು ಗ್ಯಾರೇಜು ಪೂರ್ತಿ ಖಾಲಿ ಮಾಡಿಸಲು ಕಸದ ದೊಡ್ಡ ತೊಟ್ಟಿ ತರಿಸಿದಳು. ಕರಗಿದ ಬೆಟ್ಟ, ಸುಟ್ಟ ಹಲಗೆ ಅದರೊಳಗೆ ಹೋದವು. ಉಳಿದ ಹಳಿಯನ್ನೂ ಕೀಳಿಸಲು ಹೊರಟಾಗ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಆ ಹೊತ್ತಿಗೆ ನಾನೂ ಅಲ್ಲಿದ್ದೆ, ಹೊರಗಡೆ.

"ಯಾಕ ಕೀಳಸ್ತೀಯವಾ?" ಎಂದರು ಮಗಳಿಗೆ.

"ನೀ ಸಾಯ್ತಿದ್ದೀ ಯವ್ವಾ!"

"ಸತ್ತಿಲ್ಲಲ್ಲ. ಗಂಡಸಿಗೆ ಒಂದು ಹುಚ್ಚು ಇರ್ಲಿ. ಇದು ಹೋದ್ರ ಇನ್ನೊಂದು ಹಿಡೀತಾನ, ಅದು ಎಂಥಾದ್ದೋ ಏನೋ." ಆಮೇಲೆ ಅಳಿಯನ ಕಡೆ ತಿರುಗಿ, "ಅಳಿಯಂದ್ರ, ರೈಲು ಬೇಕಾದಷ್ಟು ಓಡಸ್ರಿ. ಈ ಬಾಗಲದಾಗ ಮಾತ್ರ ಬ್ಯಾಡ."

"ಹಂಗಾರ ಅದು ಸುತ್ತೂದ ಹೆಂಗ್ರಿ ಅತ್ತಿಯವರ?"

"ಸುತ್ತೂದ್ಯಾಕ? ಹೋಗಬೇಕು, ಬರಬೇಕು. ಎಲ್ಲಾ ರೈಲೂ ಹಂಗ ಅಲ್ಲೇನ್ರಿ?"

ಅವನು ಒಳಗೆ ಹೋಗಿ ಅಳತೆಯ ಟೇಪು ತಂದ.

ಈಗ ಹೊಸ ಹಳಿ ಬಾಗಿಲ ಒಂದು ಪಕ್ಕದಿಂದ ಹೊರಟು ಮೂರು ಗೋಡೆ ಸುತ್ತಿ ಇನ್ನೊಂದು ಪಕ್ಕದಲ್ಲಿ ನಿಲ್ಲುತ್ತದೆ. ನಿಲ್ಲುವ ಜಾಗದಲ್ಲಿ ಒಂದು ಪುಟ್ಟ ಕಾರ್ಖಾನೆ ಕಟ್ಟಿದ್ದಾನೆ. ಬಾನೆಟ್ಟು, ಬಾಗಿಲು ಹೊತ್ತ ವ್ಯಾಗನ್ನುಗಳು ಅಲ್ಲಿ ಬಂದು ಸರಕು ಇಳಿಸಿ, ಹಿಂದಕ್ಕೆ ಹೋಗಬೇಕು. ಕ್ಲಬ್ಬಿನವರು ಬಂದು ನೋಡಿ ಮೊದಲ ಸಲ ತಲೆದೂಗಿದರಂತೆ: ಇಂಥ ವ್ಯಾಗನ್ನುಗಳು ನಿಜವಾಗಿಯೂ ಹೀಗೇ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ ಬರುತ್ತಿದ್ದವು, ಸುಮ್ಮನೆ ಸುತ್ತುತ್ತಿರಲಿಲ್ಲ, ಇದು ಇತಿಹಾಸಕ್ಕೆ ನಿಷ್ಠವಾದ ವಿನ್ಯಾಸ. ಅವನು ವಿನಯದಿಂದ, ಬಹಳ ಓದಿ ಯೋಚಿಸಿ ಹೀಗೆ ಮಾಡಿದೆ ಎಂದನಂತೆ. ಶೋಕೇಸಿನಿಂದ ಆ ಮೂರು ವ್ಯಾಗನ್ನುಗಳನ್ನು ಅವಳೇ ತಂದು ಹಳಿಯ ಮೇಲಿಟ್ಟಳು. ಯಾವತ್ತು, ಏನು ಮಾತಾಯಿತು, ನನಗೆ ಗೊತ್ತಿಲ್ಲ. ಕೇಳಿಲ್ಲ.

ಮರುವರ್ಷದ ಆಯುಧಪೂಜೆಗೆ ಅತ್ತೆ ಮತ್ತೆ ಬಂದಿದ್ದರು. ಕರ್ಪೂರದ ಬದಲು ಬ್ಯಾಟರಿಯ ದೀಪ, ಗಾಳಿಯಿಲ್ಲದಿದ್ದರೂ ತಾನೇ ಅಲುಗಾಡುವ ಜ್ವಾಲೆ. ಥಿನ್ನರ್ ಡಬ್ಬ ತೋಟದ ಶೆಡ್ಡಿನಲ್ಲಿ. ಹೊಸ ಅಲಾರಮ್ಮು ಬರಿದಲೆಯಲ್ಲಿ. ಎಲ್ಲರೂ ನಡೆದುಕೊಂಡೇ ಒಳಗೆ ಹೋದರು, ಒಬ್ಬರೂ ಬಗ್ಗಲಿಲ್ಲ. ನಾನು ಮಾತ್ರ ಹಳಿಯ ಎರಡು ತುದಿಗಳ ನಡುವೆ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತೆ. ಒಂದು ಕಾಲು ಗ್ಯಾರೇಜಿನಲ್ಲಿ, ಒಂದು ಅಡುಗೆಮನೆಯಲ್ಲಿ. ಅಲ್ಲಿಂದ ನೋಡಿದರೆ ಎಲ್ಲ ಕಾಣುತ್ತಿತ್ತು. ಬೆಟ್ಟವಿದ್ದ ಕಡೆ ಈಗ ಬರೀ ಗೋಡೆ. ಆದರೂ ನನ್ನ ಕಣ್ಣು ಮತ್ತೆ ಮತ್ತೆ ಆ ಸಂದಿಯಿದ್ದ ಜಾಗಕ್ಕೇ ಹೋಗುತ್ತಿತ್ತು.

ಸರ್ಜನ್ ನನ್ನನ್ನು ಒರಸಿಕೊಂಡು ಓರೆಯಾಗಿ ಒಳಗೆ ಹೋದರು. ರೇಡಿಯಾಲಜಿಸ್ಟ್ ಹೊಟ್ಟೆ ಎಳೆದುಕೊಂಡು ಹೋದರು. ಕೊನೆಗೆ ಅಡುಗೆಮನೆಯ ಕಡೆಯಿಂದ ಕೋಲಿನ ಸದ್ದು ಕೇಳಿಸಿತು. ಅತ್ತೆ ಆರತಿ ತಟ್ಟೆ ಹಿಡಿದು ಬಂದು ನಿಂತಿದ್ದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ತಮ್ಮಾ," ಎಂದರು, "ಅಳಿಯಂದ್ರ ಕಡೆಯಿಂದ ದಾರಿ ಬಿಡಸಾಕ ನನಗ ಅಷ್ಟು ಕಷ್ಟ ಆತು. ಈಗ ನೀ ನಿಂತಿ ಏನು?"

ನಾನು ಸರಿದೆ. ಅಡುಗೆಮನೆಯ ಕಡೆಗೆ.